ಬರಗಾಲ ಕೊಟ್ಟ ಸರ್ಟಿಫಿಕೇಟು: ಒಂದು ಬೇಸ್‌ಮೆಂಟ್‌ನ ನೀರಿನ ಪ್ರಕರಣ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕೆರೆಯೊಂದರ ಕಡೆಗೆ ಇಳಿಜಾರಾಗಿರುವ ಬಡಾವಣೆಯ ಸ್ವಂತ ಮನೆಯೊಂದರ ಪ್ರಕರಣ ಇದು. ಮನೆಯವರ, ಗುತ್ತಿಗೆದಾರರ ಗುರುತು ಸಿಗದಿರಲೆಂದು ಹೆಸರು, ಜಾಗ ಬಿಟ್ಟಿದ್ದೇವೆ. ಅಳತೆ ಮತ್ತು ಖರ್ಚುಗಳನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಿದ್ದೇವೆ. ನೆಲಮಾಳಿಗೆಯ ನೀರಿಗೆ ಯಾವ ಕೆಮಿಕಲ್ ಒಳ್ಳೆಯದು ಎಂಬ ಪ್ರಶ್ನೆ ಎಲ್ಲ ಕಡೆ ಕೇಳಿಬರುತ್ತದೆ. ಈ ಮನೆಯಲ್ಲಿ ಆ ಪ್ರಶ್ನೆಗೇ ಎರಡು ಲಕ್ಷ ರೂಪಾಯಿ ಹೋಯಿತು. ಬರುತ್ತಿರುವುದು ಯಾವ ನೀರು, ಎಷ್ಟು ಎತ್ತರದಿಂದ ಒತ್ತುತ್ತಿದೆ ಎಂದು ಅಳೆಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಮನೆ ಮತ್ತು ಮಣ್ಣು

ಸೈಟು 40×60. ರಸ್ತೆ ಪೂರ್ವಕ್ಕೆ, ಇಳಿಜಾರೂ ಅದೇ ಕಡೆಗೆ. ಮನೆ ಮುಗಿದದ್ದು 2019ರಲ್ಲಿ. ಹಿಂಭಾಗದ ಅರ್ಧಕ್ಕೆ ಮಾತ್ರ ಬೇಸ್‌ಮೆಂಟ್: 30 ಅಡಿ ಉದ್ದ, 24 ಅಡಿ ಅಗಲ, ಹೊರಗಿನ ನೆಲಮಟ್ಟದಿಂದ ಒಂಬತ್ತು ಅಡಿ ಕೆಳಗೆ. ಗೋಡೆ ಎಂಟು ಇಂಚಿನ ಆರ್‌ಸಿಸಿ, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟ್. ನೆಲ ಮಾತ್ರ ಆರ್‌ಸಿಸಿ ಅಲ್ಲ. ನಾಲ್ಕಿಂಚಿನ ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟ್), ಅದರ ಮೇಲೆ ಎರಡಿಂಚು ಗಾರೆ, ವಿಟ್ರಿಫೈಡ್ ಟೈಲ್. ಗೋಡೆ ಮತ್ತು ನೆಲ ಸೇರುವಲ್ಲಿ ನೀರು ತಡೆಯುವ ವಾಟರ್‌ಸ್ಟಾಪ್ ಪಟ್ಟಿ ಹಾಕಿರಲಿಲ್ಲ. ಗೋಡೆಯ ಹೊರಮೈಗೆ ಟಾರ್ ಬಳಿದಿದ್ದರು, ಅಷ್ಟೇ. ಮುಂದೆ ಪಾರ್ಕಿಂಗ್ ಅಡಿಯಲ್ಲಿ, ಬೇಸ್‌ಮೆಂಟ್‌ನ ಪೂರ್ವ ಗೋಡೆಗೆ ಹತ್ತಿರವಾಗಿ, ಹತ್ತು ಸಾವಿರ ಲೀಟರಿನ ಸಂಪ್. ಹಿಂದೆ ಎಂಟು ಅಡಿ ಅಗಲದ ಕೈತೋಟ. ಎರಡು ಪಕ್ಕಗಳಲ್ಲಿ ಕಾಂಪೌಂಡಿಗೆ ಮೂರೇ ಅಡಿ ಜಾಗ.

ಮಣ್ಣಿನ ವಿಷಯ ಇಲ್ಲಿ ಮುಖ್ಯ. ಮೇಲೆ ಕೆಮ್ಮಣ್ಣು, ಎಂಟೊಂಬತ್ತು ಅಡಿಗೆ ಗರಸು, ಅದರಡಿ ಶಿಥಿಲ ಬಂಡೆ. ಬೆಂಗಳೂರಿನ ಬಹಳಷ್ಟು ಕಡೆ ಹೀಗೆಯೇ. ಬೇಸ್‌ಮೆಂಟ್ ಕಟ್ಟಲು ಗೋಡೆಗಿಂತ ಎರಡು ಮೂರು ಅಡಿ ಹೆಚ್ಚಾಗಿ ಅಗೆಯುತ್ತಾರೆ. ಗೋಡೆ ಎದ್ದ ಮೇಲೆ ಆ ಸಂದನ್ನು ತುಂಬುತ್ತಾರೆ. ಇಲ್ಲಿ ತುಂಬಿದ್ದು ಒಡೆದ ಬ್ಲಾಕು, ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಸಡಿಲ ಮಣ್ಣು. ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿರಲಿಲ್ಲ. ಆಚೆ ಗಟ್ಟಿ ಗರಸು, ಈಚೆ ಕಾಂಕ್ರೀಟ್ ಗೋಡೆ, ನಡುವೆ ಸಡಿಲ ತುಂಬು: ಮೇಲಿನಿಂದ ಇಳಿದ ನೀರಿಗೆ ಹೊರಹೋಗಲು ದಾರಿಯೇ ಇಲ್ಲದ ತೊಟ್ಟಿ ಮನೆಯ ಸುತ್ತ ತಯಾರಾಗಿತ್ತು. ಅಂತರ್ಜಲ ಮುನ್ನೂರು ಅಡಿ ಕೆಳಗಿದ್ದರೂ ಇಂಥ ತೊಟ್ಟಿಯಲ್ಲಿ ನೀರು ನಿಲ್ಲುತ್ತದೆ. ‘ನಮ್ಮ ಏರಿಯಾದಲ್ಲಿ ಬೋರ್‌ವೆಲ್ಲೇ ಒಣಗಿದೆ, ಬೇಸ್‌ಮೆಂಟ್‌ಗೆ ಎಲ್ಲಿಂದ ನೀರು ಬರುತ್ತೆ’ ಎಂದು ಕೇಳುವವರಿಗೆ ಉತ್ತರ ಇದೇ.

ಮೊದಲ ನೀರು, ಮೊದಲ ಲೇಪ

ಮೂರು ವರ್ಷ ಏನೂ ಆಗಲಿಲ್ಲ. 2022ರಲ್ಲಿ ಬೆಂಗಳೂರಿನ ಮಳೆ 1700 ಮಿ.ಮೀ. ದಾಟಿ 2017ರ ದಾಖಲೆಯನ್ನು ಮುರಿಯಿತು. ವಾಡಿಕೆಯ ಮಳೆ ಸಾವಿರ ಮಿ.ಮೀ.ಗೂ ಕಡಿಮೆ. ಆ ವರ್ಷ ಸೆಪ್ಟೆಂಬರಿನಲ್ಲಿ ಪಶ್ಚಿಮದ ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿತು, ಉಪ್ಪು ಬಿಟ್ಟಿತು, ಅಕ್ಟೋಬರಿಗೆ ಸ್ಕರ್ಟಿಂಗ್ ಸಂದಿಯಿಂದ ನೀರು ಒಸರತೊಡಗಿತು. ನೆಲದಿಂದ ಒಂದು ಅಡಿ ಎತ್ತರದಲ್ಲಿ ಪ್ಲಗ್ ಪಾಯಿಂಟ್‌ಗಳಿದ್ದವು. ಮನೆಯವರು ಮಾಡಿದ ಮೊದಲ ಸರಿಯಾದ ಕೆಲಸವೆಂದರೆ ಆ ಸರ್ಕ್ಯೂಟಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಆಮೇಲೆ ಕೆಳಗೆ ಕಾಲಿಟ್ಟದ್ದು.

2023ರ ಫೆಬ್ರುವರಿಯಲ್ಲಿ ವಾಟರ್‌ಪ್ರೂಫಿಂಗ್ ಗುತ್ತಿಗೆದಾರರು ಬಂದರು. ಒಳಗಡೆ ಮೂರಡಿ ಎತ್ತರದವರೆಗೆ ಪ್ಲಾಸ್ಟರ್ ಕೆತ್ತಿ, ಎರಡು ಭಾಗದ ಪಾಲಿಮರ್ ಸಿಮೆಂಟ್ ಲೇಪವನ್ನು ಎರಡು ಕೋಟ್ ಹೊಡೆದು, ಮತ್ತೆ ಪ್ಲಾಸ್ಟರ್, ಪುಟ್ಟಿ, ಪೇಂಟ್. ಖರ್ಚು 1.2 ಲಕ್ಷ. ಐದು ವರ್ಷದ ಗ್ಯಾರಂಟಿ ಪತ್ರ.

ಆ ಮೇ ತಿಂಗಳಲ್ಲಿ ಬಿರುಸಾದ ಮಳೆ ಬಂತು, ಗೋಡೆ ಒಣಗಿಯೇ ಇತ್ತು. ಲೇಪ ಗೆದ್ದಿತು ಎಂದೇ ಎಲ್ಲರೂ ತಿಳಿದರು. ಆದರೆ ಮೇ ತಿಂಗಳ ಮಳೆ ಬೀಳುವುದು ಬೇಸಿಗೆಯಲ್ಲಿ ಕಾದು ಒಣಗಿದ ಮಣ್ಣಿನ ಮೇಲೆ; ಮೊದಲ ನೀರನ್ನೆಲ್ಲ ಮಣ್ಣೇ ಹೀರಿಕೊಳ್ಳುತ್ತದೆ. ಗೋಡೆಯಾಚೆಯ ತುಂಬು ನೀರುಗಟ್ಟಲು ವಾರಗಟ್ಟಲೆ ಬಿಡದೆ ಮಳೆಯಾಗಬೇಕು. ಆ ವರ್ಷ ಅದು ಆಗಲೇ ಇಲ್ಲ. ಮುಂಗಾರು ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಲೇಪಕ್ಕೆ ಪರೀಕ್ಷೆಯೇ ನಡೆಯಲಿಲ್ಲ. ಬರಗಾಲ ಅದಕ್ಕೆ ಪಾಸ್ ಸರ್ಟಿಫಿಕೇಟು ಕೊಟ್ಟಿತು.

ಒಳಗಿನ ಲೇಪಕ್ಕೆ ಇನ್ನೊಂದು ಹುಟ್ಟುದೋಷವೂ ಇದೆ. ಹೊರಗಿನಿಂದ ಬಳಿದ ಲೇಪವನ್ನು ನೀರು ಗೋಡೆಗೆ ಒತ್ತಿ ಹಿಡಿಯುತ್ತದೆ. ಒಳಗಿನಿಂದ ಬಳಿದದ್ದನ್ನು ಗೋಡೆಯಿಂದ ತಳ್ಳುತ್ತದೆ. ಲೇಪ ಎಷ್ಟೇ ಗಟ್ಟಿಯಿದ್ದರೂ ಅದು ಅಂಟಿಕೊಂಡಿರುವ ಮೇಲ್ಮೈ ಎಷ್ಟು ತಡೆಯುತ್ತದೋ ಅಷ್ಟೇ ಅದರ ಬಲ. ಪ್ಲಾಸ್ಟರಿನ ಪುಡಿ ಪೂರ್ತಿ ತೆಗೆಯದೆ ಬಳಿದಿದ್ದರೆ ಕೇಳುವುದೇ ಬೇಡ.

ಬೇಸಿಗೆಯ ತೀರ್ಮಾನ

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ. ಈ ಮನೆಯ ಬೋರ್‌ವೆಲ್ ಬತ್ತಿತು, ಟ್ಯಾಂಕರ್ ದರ ಏರಿತು. ಮನೆಯವರು ಒಳ್ಳೆಯ ಉದ್ದೇಶದಿಂದಲೇ ಹಿಂದಿನ ಕೈತೋಟದಲ್ಲಿ ಇಂಗುಬಾವಿ ತೋಡಿಸಿದರು. ಮೂರಡಿ ವ್ಯಾಸದ ಸಿಮೆಂಟ್ ರಿಂಗ್, ಹದಿನೈದು ಅಡಿ ಆಳ, ಬೇಸ್‌ಮೆಂಟ್ ಗೋಡೆಯಿಂದ ಬಾವಿಯ ನಡುವಿಗೆ ಐದು ಅಡಿ. ಚಾವಣಿಯ ನೀರನ್ನೆಲ್ಲ ಅದಕ್ಕೆ ಬಿಟ್ಟರು.

ಬಾವಿ ತೋಡಿದವರ ಕೆಲಸ ಚೊಕ್ಕವಾಗಿತ್ತು. ಗೋಡೆಯ ಆಚೆ ಬೇಸ್‌ಮೆಂಟ್ ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಲೆಕ್ಕ ಹಾಕಿದ್ದರೆ ಅಲ್ಲೇ ತಿಳಿಯುತ್ತಿತ್ತು. ಚಾವಣಿ 130 ಚದರ ಮೀಟರ್. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆಯಾಯಿತು. ಚೆಲ್ಲಿಹೋಗುವುದನ್ನು ಕಳೆದರೂ ಆ ಚಾವಣಿಯಿಂದ ಹನ್ನೆರಡು ಸಾವಿರ ಲೀಟರ್ ಇಳಿದಿರಬೇಕು. ಬಾವಿ ಹಿಡಿಯುವುದು ಮೂರು ಸಾವಿರ. ಉಳಿದದ್ದು ಎಲ್ಲಿಗೆ ಹೋಗಬೇಕು? ಗಟ್ಟಿ ಗರಸಿನೊಳಗೆ ನಿಧಾನ, ಗೋಡೆ ಪಕ್ಕದ ಸಡಿಲ ತುಂಬಿನೊಳಗೆ ಸರಾಗ.

ಹೊರಗಿನ ನೆಲಮಟ್ಟಕ್ಕಿಂತ ಮೂರಡಿ ಕೆಳಗಿನವರೆಗೆ ಬಾವಿ ತುಂಬಿದರೆ ಆ ನೀರು ಬೇಸ್‌ಮೆಂಟ್ ನೆಲಕ್ಕಿಂತ ಆರಡಿ ಎತ್ತರದಲ್ಲಿ ನಿಂತಂತೆ. ಒಂದು ಮೀಟರ್ ನೀರಿನ ಒತ್ತಡ ಚದರ ಮೀಟರಿಗೆ ಸುಮಾರು ಒಂದು ಟನ್. ಗೋಡೆಯ ಬುಡಕ್ಕೆ ಒಂದೂಮುಕ್ಕಾಲು ಟನ್ನಿಗೂ ಮೀರಿದ ಒತ್ತಡ ಬೀಳುವ ವ್ಯವಸ್ಥೆಯನ್ನು ಮನೆಯವರೇ ಕೈಯಾರೆ ಮಾಡಿಕೊಂಡಿದ್ದರು.

ಇಂಜೆಕ್ಷನ್ ಹಾಕಿದರು, ನೀರು ಜಾಗ ಬದಲಿಸಿತು

ಜುಲೈಯಲ್ಲಿ ಲೇಪ ಗುಳ್ಳೆ ಎದ್ದು ಕೈಗೆ ಹಾಳೆಯಂತೆ ಬಂತು. ಹಳೆಯ ಗುತ್ತಿಗೆದಾರರು ಫೋನ್ ಎತ್ತಲಿಲ್ಲ. ಬೇರೆಯವರು ಪಿಯು ಇಂಜೆಕ್ಷನ್ ಹೇಳಿದರು. ವಿಧಾನದಲ್ಲಿ ತಪ್ಪಿರಲಿಲ್ಲ: ಗೋಡೆ ನೆಲ ಸೇರುವ ಸಂದಿಯ ಉದ್ದಕ್ಕೂ ಎಂಟು ಹತ್ತು ಇಂಚಿಗೊಂದರಂತೆ 45 ಡಿಗ್ರಿ ಓರೆಯಾಗಿ ರಂಧ್ರ ಕೊರೆದು, ಪ್ಯಾಕರ್ (ದ್ರವ ಒಳನುಗ್ಗಿಸುವ ನಳಿಕೆ) ಬಿಗಿದು, ನೀರು ಸಿಕ್ಕೊಡನೆ ನೊರೆಯಾಗಿ ಉಬ್ಬುವ ಪಾಲಿಯುರಿಥೇನನ್ನು ಪಂಪಿನಿಂದ ತುಂಬಿದರು. ಎರಡೇ ದಿನದಲ್ಲಿ ಪಶ್ಚಿಮದ ಸಂದಿ ಒಣಗಿತು. ಖರ್ಚು 85 ಸಾವಿರ.

ಮೂರು ವಾರದ ನಂತರ ಗೋಡೆಯಿಂದ ಎಂಟು ಅಡಿ ಈಚೆ, ನೆಲದ ನಡುವೆ, ಟೈಲ್ ಗ್ರೌಟಿನ ಗೆರೆಗಳಲ್ಲಿ ನೀರು ಮೂಡಿತು. ಅಲ್ಲಿಯವರೆಗೆ ನೆಲ ಒದ್ದೆಯಾಗಿರಲೇ ಇಲ್ಲ. ಸಂದಿಯಿಂದ ಹೊರಬರುತ್ತಿದ್ದ ನೀರಿಗೆ ದಾರಿ ಕಟ್ಟಿದಾಗ ಅದು ಪಿಸಿಸಿ ಅಡಿಗೆ ಹರಡಿ, ಒತ್ತಡ ಬೆಳೆಸಿಕೊಂಡು, ಪಿಸಿಸಿಯ ಬಿರುಕಿನಲ್ಲಿ ಮೇಲೆದ್ದಿತ್ತು. ನೆಲಕ್ಕೂ ಇಂಜೆಕ್ಷನ್ ಮಾಡೋಣ, ಟೈಲ್ ತೆಗೆದು ಪೂರ್ತಿ ಕೆಮಿಕಲ್ ಕೋಟ್ ಕೊಡೋಣ ಎಂಬ ಮುಂದಿನ ಅಂದಾಜು ಪಟ್ಟಿಯೂ ಬಂತು. ಪ್ರಕರಣದ ಅತಿ ಅಪಾಯದ ಘಟ್ಟ ಇದೇ ಆಗಿತ್ತು. ಯಾಕೆಂದು ಮುಂದೆ ನೋಡೋಣ. ಮನೆಯವರು ಹಣ ಕೊಡುವ ಮುಂಚೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಅವರನ್ನು ಕರೆಸಿದರು. ಅವರು ಯಾವ ಕೆಮಿಕಲ್ ಹೆಸರನ್ನೂ ಹೇಳದೆ, ಒಂದು ತಿಂಗಳು ಬರೀ ಅಳೆಯೋಣ ಎಂದರು.

ಯಾವ ನೀರು?

ಅನುಮಾನ ಐದು ಕಡೆಗಿತ್ತು: ಸಂಪ್, ಒಳಚರಂಡಿ ಛೇಂಬರ್, ಮಳೆನೀರಿನ ಪೈಪು, ಇಂಗುಬಾವಿ, ಮತ್ತು ಒಳಗಿನ ಗಾಳಿಯ ತೇವವೇ ಗೋಡೆಗೆ ಹನಿಗಟ್ಟುವುದು.

ಕೊನೆಯದನ್ನು ಮೊದಲು ಮುಗಿಸಿದರು, ಖರ್ಚಿಲ್ಲದ ಪರೀಕ್ಷೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿದು ಟೇಪ್ ಹಚ್ಚಿ 48 ಗಂಟೆ ಬಿಟ್ಟರು. ಹಾಳೆಯ ಹಿಂದೆ ಹನಿ ಕೂತರೆ ಗೋಡೆಯಿಂದ ಬರುವ ನೀರು, ಮುಂದೆ ಕೂತರೆ ಕೋಣೆಯ ಗಾಳಿಯದು. ಪಶ್ಚಿಮ, ದಕ್ಷಿಣದಲ್ಲಿ ಹಿಂದೆ, ಉತ್ತರದಲ್ಲಿ ಮುಂದೆ. ಅಂದರೆ ಉತ್ತರ ಗೋಡೆಯ ಬೂಷ್ಟು ಸೋರಿಕೆಯದಲ್ಲ. ಅಲ್ಲಿ ಒತ್ತಾಗಿ ಇಟ್ಟಿದ್ದ ಬೀರು, ಒಳಗೇ ಒಣಹಾಕುತ್ತಿದ್ದ ಬಟ್ಟೆ ಕಾರಣ. ಒಂದು ಎಕ್ಸಾಸ್ಟ್ ಫ್ಯಾನ್, ಬೀರುವಿಗೂ ಗೋಡೆಗೂ ನಾಲ್ಕಿಂಚು ಅಂತರ, ಅಲ್ಲಿಗೆ ಆ ಗೋಡೆಯ ಕತೆ ಮುಗಿಯಿತು.

ಸಂಪ್ ಕುಡಿಯುವ ನೀರಿನದು, ಬಣ್ಣ ಹಾಕುವಂತಿಲ್ಲ. ಕತ್ತಿನವರೆಗೆ ತುಂಬಿಸಿ, ಒಳಹರಿವಿನ ವಾಲ್ವ್ ಮುಚ್ಚಿ, ಮೋಟಾರ್ ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿದರು. 24 ಗಂಟೆಯಲ್ಲಿ ನಾಲ್ಕು ಸೆಂ.ಮೀ. ಇಳಿಯಿತು, ಆಮೇಲೆ ನಿಂತಿತು. ನಿಂತ ಮಟ್ಟ ಒಳಹರಿವಿನ ಪೈಪು ಗೋಡೆ ತೂರುವ ಜಾಗಕ್ಕೆ ಸರಿಯಾಗಿತ್ತು. ಸಂಪಿನ ತಳ ಐದು ಚದರ ಮೀಟರ್. ಅಲ್ಲಿಗೆ ಇನ್ನೂರು ಲೀಟರ್ ನಷ್ಟ. ಪೈಪಿನ ಸುತ್ತಲ ಸಂದಿ ಸೋರುತ್ತಿತ್ತು, ಸಂಪಿನ ಗೋಡೆ ಅಲ್ಲ. ನೀರು ಯಾವ ಮಟ್ಟದಲ್ಲಿ ಇಳಿಯುವುದನ್ನು ನಿಲ್ಲಿಸುತ್ತದೋ ತೂತು ಅಲ್ಲೇ ಇರುತ್ತದೆ. ಸಂಪಿಗೆ ಪೂರ್ತಿ ಒಳಲೇಪ ಮಾಡಿಸುವ ಮುಂಚೆ ಇದನ್ನು ನೋಡದವರೇ ಹೆಚ್ಚು.

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಅಷ್ಟು ನಂಬಿಗಸ್ತನಲ್ಲ ಎಂಬುದೂ ಇಲ್ಲಿ ಗೊತ್ತಾಯಿತು. ಸಂಪಿನದು 180, ಬಾವಿಯದು 90, ಪಕ್ಕದ ಮನೆಯ ಬೋರಿನದು 780, ಬೇಸ್‌ಮೆಂಟ್‌ನಲ್ಲಿ ಒಸರಿದ್ದು 410. ಇದು ಯಾರ ನೀರೂ ಅಲ್ಲ ಎನ್ನಬೇಕೆ? ಮಣ್ಣು, ಕಾಂಕ್ರೀಟ್ ದಾಟಿ ಬರುವ ನೀರು ಸುಣ್ಣ, ಲವಣ ಕರಗಿಸಿಕೊಂಡು ಬರುತ್ತದೆ, ಅಂಕಿ ಏರುತ್ತದೆ. ಕ್ಲೋರಿನ್ ಪರೀಕ್ಷೆಯೂ ಹಾಗೆಯೇ: ಬಣ್ಣ ಬಂದರೆ ನಲ್ಲಿಯ ಕಾವೇರಿ ನೀರು ಇದೆಯೆಂದು ಹೇಳಬಹುದು, ಬರದಿದ್ದರೆ ಇಲ್ಲವೆಂದು ಹೇಳಲಾಗದು, ಮಣ್ಣಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ.

ಉತ್ತರ ಕೊಟ್ಟದ್ದು ಬಣ್ಣ. ಒಳಚರಂಡಿ ಛೇಂಬರಿಗೆ ಹೋಗುವ ಟಾಯ್ಲೆಟ್ಟಿನಲ್ಲಿ ಕೆಂಪು ಫುಡ್ ಕಲರ್ ಹಾಕಿ ಫ್ಲಶ್ ಮಾಡಿದರು, ಬೇಸ್‌ಮೆಂಟ್‌ನಲ್ಲಿ ಏನೂ ಕಾಣಲಿಲ್ಲ. ತುಂಬಿದ ಇಂಗುಬಾವಿಗೆ ಹತ್ತು ಗ್ರಾಂ ಫ್ಲೋರೆಸೀನ್ ಎಂಬ ಹಸಿರು ಹೊಳೆಯುವ ಬಣ್ಣ ಕದಡಿದರು. ಅಕ್ಕಪಕ್ಕದ ಬೋರ್‌ವೆಲ್‌ನವರಿಗೆ ಮುಂಚೆಯೇ ತಿಳಿಸಿದ್ದರು. ಒಂಬತ್ತು ಗಂಟೆಯೊಳಗೆ ನೈರುತ್ಯದ ಮೂಲೆಯಲ್ಲಿ ಹಸಿರು ಕಾಣಿಸಿತು, ಯುವಿ ಟಾರ್ಚಿಗೆ ಹೊಳೆಯಿತು. ದಕ್ಷಿಣ ಗೋಡೆಯ ನಡುಭಾಗದಲ್ಲಿ ಮಾತ್ರ ಬಣ್ಣವಿಲ್ಲದ ನೀರು. ಅದರ ಮೂಲ ಹುಡುಕುತ್ತಾ ಹೊರಗಡೆ ಇಂಟರ್‌ಲಾಕ್ ಟೈಲ್ಸ್ ತೆಗೆದಾಗ, ಮಳೆಪೈಪಿನ ಬುಡದ ಬೆಂಡ್ ಮಣ್ಣು ಕುಸಿದು ಮುರಿದಿತ್ತು. ಆ ಚಾವಣಿ ಮೂಲೆಯ ನೀರು ಬಾವಿಗೆ ಹೋಗದೆ ನೇರವಾಗಿ ಗೋಡೆ ಪಕ್ಕಕ್ಕೆ ಇಳಿಯುತ್ತಿತ್ತು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಪೈಪಿನ ತುಂಡು. ನೆಲದ ನಡುವೆ ಒಂದು ಟೈಲ್ ಎಬ್ಬಿಸಿ, ಪಿಸಿಸಿಯಲ್ಲಿ ರಂಧ್ರ ಕೊರೆದು, ಕೆಳತುದಿಗೆ ಗರಗಸದ ಸೀಳು ಹಾಕಿದ ಒಂದೂಕಾಲಿಂಚಿನ ಪಿವಿಸಿ ಪೈಪನ್ನು ಮೂರಡಿ ಮೇಲಕ್ಕೆ ನಿಲ್ಲಿಸಿ ಸುತ್ತ ಗ್ರೌಟ್ ಮಾಡಿದರು. ನೆಲದಡಿಯ ನೀರಿನ ಒತ್ತಡ ಎಷ್ಟಿದೆಯೋ ಅಷ್ಟು ಎತ್ತರಕ್ಕೆ ಅದರೊಳಗೆ ನೀರು ಏರುತ್ತದೆ. ಬೆಳಿಗ್ಗೆ ಸಂಜೆ ಸೀಮೆಸುಣ್ಣ ಬಳಿದ ಕಡ್ಡಿ ಇಳಿಸಿ ಬರೆದಿಟ್ಟರು. ಅಕ್ಟೋಬರ್ ಮಧ್ಯದ ಜೋರು ಮಳೆಗಳಲ್ಲಿ ಮಟ್ಟ ಟೈಲ್‌ಗಿಂತ ಆರಿಂಚು ಮೇಲಕ್ಕೆ ಹೋಯಿತು. ಬಾವಿಗೆ ಚಾವಣಿ ನೀರು ಬಿಡುವುದನ್ನು ನಿಲ್ಲಿಸಿದ ವಾರದಲ್ಲಿ, ಮಳೆ ಇದ್ದರೂ, ಎರಡಿಂಚಿಗೆ ಇಳಿಯಿತು. ಪೂರ್ತಿ ಇಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ಬಾವಿ ಮುಚ್ಚಿದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದವರಿಗೆ ಈ ಎರಡಿಂಚು ಎಚ್ಚರಿಕೆ: ಮೇಲಿನ ಇಳಿಜಾರಿನಿಂದಲೂ ನೀರು ಬರುತ್ತಿದೆ, 2022ರಲ್ಲಿ ಬಾವಿ ಇಲ್ಲದಿದ್ದಾಗ ಬಂದದ್ದು ಅದೇ.

ನೆಲ ತೇಲುವ ಲೆಕ್ಕ

ನಾಲ್ಕಿಂಚು ಪಿಸಿಸಿ, ಎರಡಿಂಚು ಗಾರೆ, ಟೈಲ್ ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 370 ಕೆ.ಜಿ. ಪಿಸಿಸಿಯ ತಳದಿಂದ 37 ಸೆಂ.ಮೀ. ನೀರು ನಿಂತರೆ ಮೇಲೊತ್ತುವ ಬಲ ಅದಕ್ಕೆ ಸಮವಾಗುತ್ತದೆ. ನೆಲದ ದಪ್ಪ 16 ಸೆಂ.ಮೀ. ಕಳೆದರೆ, ಟೈಲ್ ಮೇಲೆ ಎಂಟಿಂಚು. ಅಳತೆ ಪೈಪು ಆರಿಂಚು ತೋರಿಸಿತ್ತು, ಅದೂ ನೀರು ಗ್ರೌಟ್ ಸಂದಿಗಳಿಂದ ಹೊರಬಂದು ಒತ್ತಡ ಇಳಿಯುತ್ತಿದ್ದಾಗ. ಆ ಸಂದಿಗಳನ್ನೂ ಕೆಮಿಕಲ್‌ನಿಂದ ಮುಚ್ಚಿದ್ದರೆ ಮಟ್ಟ ಬಾವಿಯ ಮಟ್ಟದ ಕಡೆಗೆ ಏರುತ್ತಿತ್ತು. ಕಂಬಿಯಿಲ್ಲದ ಪಿಸಿಸಿ ಉಬ್ಬಿ ಒಡೆಯುತ್ತಿತ್ತು. ‘ನೆಲ ಪೂರ್ತಿ ಸೀಲ್’ ಎಂಬ ಪಟ್ಟಿಯನ್ನು ಇಂಜಿನಿಯರ್ ಬೇಡವೆಂದದ್ದು ಈ ಎಂಟಿಂಚಿನ ಲೆಕ್ಕದಿಂದ. ಸೋರುವ ನೆಲ ಆ ಮನೆಯನ್ನು ಕಾಪಾಡುತ್ತಿತ್ತು.

ನೆಲಮಾಳಿಗೆಯ ರಕ್ಷಣೆಗೆ ಬ್ರಿಟನ್ನಿನ ಬಿಎಸ್ 8102 ಸಂಹಿತೆ ಮೂರು ಬಗೆ ಹೇಳುತ್ತದೆ: ತಡೆಪದರ ಹಾಕುವುದು, ಕಾಂಕ್ರೀಟೇ ನೀರು ಬಿಡದಂತೆ ಕಟ್ಟುವುದು, ಬಂದ ನೀರನ್ನು ಹಿಡಿದು ಸಾಗಿಸುವುದು. ಇಲ್ಲಿ ಮೂರನ್ನೂ ತೂಗಿ ನೋಡಿದರು. ಹೊರಗಿನಿಂದ ಅಗೆದು ಮೆಂಬ್ರೇನ್ ಹಾಕುವುದು ಶಾಸ್ತ್ರಕ್ಕೆ ಸರಿ; ಆದರೆ ಎರಡು ಪಕ್ಕದಲ್ಲಿ ಮೂರಡಿ ಜಾಗದಲ್ಲಿ ಒಂಬತ್ತು ಅಡಿ ಅಗೆದರೆ ಪಕ್ಕದವರ ಕಾಂಪೌಂಡು ಕುಸಿಯುವ ಭಯ, ಅಂದಾಜು ಹತ್ತು ಲಕ್ಷದ ಹತ್ತಿರ. ಒಳಗೆ ಎಂಟಿಂಚಿನ ಹೊಸ ಆರ್‌ಸಿಸಿ ನೆಲ ಹಾಕಿ ಗೋಡೆಗೆ ಕಂಬಿ ಕಟ್ಟುವುದು ಎರಡನೆಯದು. ಬಾಗಿಲು, ಮೆಟ್ಟಿಲು, ಎತ್ತರ ಎಲ್ಲ ಬದಲಾಗುತ್ತದೆ. ಮೂರನೆಯದು ಒಳಗೆ ಗೋಡೆ ಬದಿ ಕಾಲುವೆ ತೆಗೆದು ಗುಂಡಿಗೆ ಹರಿಸಿ ಪಂಪ್ ಮಾಡುವುದು.

‘ಹಾಗಾದ್ರೆ ಜೀವನಪೂರ್ತಿ ಪಂಪ್ ಓಡಿಸ್ತಾ ಕೂರಬೇಕಾ ಸಾರ್?’ ಎಂದು ಯಜಮಾನರು ಕೇಳಿದರು.

‘ಸಂಪಿನಿಂದ ಮೇಲಕ್ಕೆ ದಿನಾ ಓಡಿಸ್ತಿದ್ದೀರಲ್ಲ, ಇದು ಅದಕ್ಕಿಂತ ಕಮ್ಮಿ ಓಡುತ್ತೆ’ ಎಂದರು ಇಂಜಿನಿಯರ್.

ಮೂರನೆಯದೇ ಆಯ್ತು. ಆದರೆ ಹೊರಗಿನ ನೀರನ್ನು ಮೊದಲು ಕಡಿಮೆ ಮಾಡಿ, ಆಮೇಲೆ ಒಳಗಿನ ಕೆಲಸ ಎಂಬ ಷರತ್ತಿನ ಮೇಲೆ.

ಹೊರಗಿನ ಕೆಲಸ

ಇಂಗುಬಾವಿಯನ್ನು ಮುಚ್ಚಿಬಿಡುವುದು ಎಲ್ಲರ ಮೊದಲ ಮಾತು. ಮುಚ್ಚಲಿಲ್ಲ. ನೀರು ಕೂಡುವ ತುಂಬಿನ ಪಕ್ಕದಲ್ಲೇ, ಬೇಸ್‌ಮೆಂಟ್ ನೆಲಕ್ಕಿಂತ ಆರಡಿ ಹೆಚ್ಚು ಆಳಕ್ಕೆ ಇಳಿದಿರುವ ಬಾವಿ ಅದು. ನೀರು ಹಾಕುವುದನ್ನು ಬಿಟ್ಟು ತೆಗೆಯತೊಡಗಿದರೆ ಅದೇ ಬಾವಿ ಪಶ್ಚಿಮದ ಗೋಡೆಯ ಒತ್ತಡ ಇಳಿಸುತ್ತದೆ. ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪ್ ಇಳಿಸಿ, ನೀರು ಏರಿದಾಗ ತೇಲಿ ಪಂಪ್ ಹಚ್ಚುವ ಫ್ಲೋಟ್ ಸ್ವಿಚ್‌ ಅನ್ನು, ನೀರು ಹೊರಗಿನ ನೆಲಮಟ್ಟದಿಂದ ಹನ್ನೊಂದು ಅಡಿ ಕೆಳಗಿನ ಮಟ್ಟಕ್ಕಿಂತ ಮೇಲೆ ಬರದಂತೆ ಕಟ್ಟಿದರು, ಅಂದರೆ ಬೇಸ್‌ಮೆಂಟ್ ನೆಲಕ್ಕಿಂತ ಎರಡಡಿ ಕೆಳಗೆ. ಆ ನೀರು ಕೈತೋಟಕ್ಕೆ, ಕಾರು ತೊಳೆಯಲು, ಟಾಯ್ಲೆಟ್ ಫ್ಲಶ್‌ಗೆ. ಈ ಪ್ರಕರಣದಲ್ಲಿ ನಮಗೆ ಅತಿ ಹಿಡಿಸಿದ ತೀರ್ಮಾನ ಇದು.

ಚಾವಣಿ ನೀರಿಗೆ ಬೇರೆ ವ್ಯವಸ್ಥೆ ಆಗಬೇಕಿತ್ತು. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಂತೆ ಈ ಅಳತೆಯ ಸೈಟಿಗೆ ಮಳೆನೀರು ಕೊಯ್ಲು ಕಡ್ಡಾಯ. ಆದರೆ ಕೊಯ್ಲು ಎಂದರೆ ಇಂಗಿಸುವುದೊಂದೇ ಅಲ್ಲ, ಸಂಗ್ರಹಿಸುವುದೂ ಹೌದು. ಮೊದಲ ಮಳೆಯ ಕೊಳೆ ನೀರು ಹೊರಹೋಗುವ ವಾಲ್ವ್, ಆಮೇಲೆ ಫಿಲ್ಟರ್, ಅಲ್ಲಿಂದ ಸಂಪ್. ಸಂಪ್ ತುಂಬಿದರೆ ಹೆಚ್ಚುವರಿ ರಸ್ತೆಯ ಮಳೆನೀರು ಮೋರಿಗೆ. ಒಳಚರಂಡಿಗೆ ಮಳೆನೀರು ಬಿಡುವಂತಿಲ್ಲ. ಸಂಪಿನ ಪೈಪ್ ಸಂದಿಯನ್ನು ಕೆತ್ತಿ, ಕುಗ್ಗದ ಗ್ರೌಟ್ ತುಂಬಿ ಬಿಗಿಮಾಡಿದರು. ಮುರಿದ ಬೆಂಡ್ ಬದಲಿಸಿದರು.

ಗೋಡೆ ಪಕ್ಕದ ತುಂಬು ವರ್ಷಗಳಲ್ಲಿ ಕುಸಿದು ಇಂಟರ್‌ಲಾಕ್ ಟೈಲ್ಸ್ ಮನೆಯ ಕಡೆಗೇ ವಾಲಿದ್ದವು. ಮೂರಡಿ ಅಗಲ ಟೈಲ್ಸ್ ತೆಗೆದು, ಮಣ್ಣು ದಮ್ಮಸ್ಸು ಮಾಡಿ, 250 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ಹಾಸಿ, ನಾಲ್ಕಿಂಚು ಕಾಂಕ್ರೀಟನ್ನು ನಾಲ್ಕಡಿಗೆ ಒಂದಿಂಚಿನಂತೆ ಹೊರಕ್ಕೆ ಇಳಿಜಾರು ಕೊಟ್ಟು ಹಾಕಿದರು. ಮೇಲ್ಮೈ ನೀರಿಗೆ ಇಷ್ಟು ಸಾಕು.

ಒಳಗಿನ ಕಾಲುವೆ

ಮೊದಲು ಒಂದು ಪರೀಕ್ಷಾ ಗುಂಡಿ. ಗೋಡೆಯ ಪಾಯದ ಮೇಲ್ಮೈ ಟೈಲ್‌ನಿಂದ ಒಂದೂವರೆ ಅಡಿ ಕೆಳಗೆ ಸಿಕ್ಕಿತು. ಆದ್ದರಿಂದ ಕಾಲುವೆಯ ತಳ ಹದಿನಾರು ಇಂಚಿಗಿಂತ ಕೆಳಗೆ ಹೋಗಬಾರದೆಂದು ನಿರ್ಧಾರವಾಯಿತು. ಪಾಯದಡಿ ಮಣ್ಣು ಸಡಿಲವಾದರೆ ನೀರಿಗಿಂತ ದೊಡ್ಡ ತೊಂದರೆ. ಪಶ್ಚಿಮದ ನಡುವಿನಿಂದ ಎರಡು ಕವಲಾಗಿ ಹೊರಟು, ಸುತ್ತು ಹಾಕಿ, ಪೂರ್ವದಲ್ಲಿ ಗುಂಡಿಗೆ ಸೇರುವ ಹಾಗೆ ಒಟ್ಟು 108 ಅಡಿ. ಪ್ರತಿ ಕವಲಿಗೆ 54 ಅಡಿ, ಇಳಿಜಾರು 150ಕ್ಕೆ 1; ಹನ್ನೆರಡು ಇಂಚಿನಲ್ಲಿ ಶುರುವಾಗಿ ಹದಿನಾರಕ್ಕೆ ಮುಗಿಯಿತು.

ಒಂದು ಅಡಿ ಅಗಲಕ್ಕೆ ಟೈಲ್, ಪಿಸಿಸಿಯನ್ನು ಕಟ್ಟರ್‌ನಿಂದ ಕತ್ತರಿಸಿ ತೆಗೆದರು. ಬ್ರೇಕರ್ ಬಳಸಿದರೆ ಉಳಿಯಬೇಕಾದ ಪಿಸಿಸಿಯೂ ಬಿರುಕು ಬಿಡುತ್ತದೆ. ಕಾಲುವೆಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೊಳೆದ 20 ಮಿ.ಮೀ. ಜಲ್ಲಿ ಎರಡಿಂಚು, ಅದರ ಮೇಲೆ ರಂಧ್ರಗಳಿರುವ 75 ಮಿ.ಮೀ. ಪೈಪು, ಸುತ್ತ ಮತ್ತೆ ಜಲ್ಲಿ, ಬಟ್ಟೆ ಮಡಚಿ ಮುಚ್ಚಿದರು. ರಂಧ್ರ ಕೆಳಮುಖವಾಗಿರಬೇಕು. ಕೆಲಸದವರು ಮೊದಲ ಇಪ್ಪತ್ತಡಿಯಲ್ಲಿ ಮೇಲ್ಮುಖ ಮಾಡಿದ್ದರು. ಹಾಗಿದ್ದರೆ ನೀರು ಪೈಪಿನ ನೆತ್ತಿಗೆ ಏರಿದ ಮೇಲಷ್ಟೇ ಒಳಹೋಗುತ್ತದೆ, ಮೂರಿಂಚು ಮಟ್ಟ ಸುಮ್ಮನೆ ಹೆಚ್ಚುತ್ತದೆ. ತೆಗೆಸಿ ಮತ್ತೆ ಹಾಕಿಸಿದರು. ಜಲ್ಲಿ ತೊಳೆಯದೆ ಹಾಕಿದರೆ ಕ್ರಷರ್ ಪುಡಿ ಬಟ್ಟೆಯ ಕಣ್ಣು ಮುಚ್ಚುತ್ತದೆ. ನಾಲ್ಕು ಮೂಲೆಗೂ ನೇರ ಪೈಪು ಎತ್ತಿ, ಟೈಲ್ ಮಟ್ಟದಲ್ಲಿ ಮುಚ್ಚಳ ಕೊಟ್ಟರು, ವರ್ಷಕ್ಕೊಮ್ಮೆ ಹೋಸ್ ಬಿಟ್ಟು ತೊಳೆಯಲು. ಕಾಂಕ್ರೀಟಿನಿಂದ ಬರುವ ಸುಣ್ಣ ಪೈಪಿನೊಳಗೆ ಗಟ್ಟಿಯಾಗುವುದು ಈ ವ್ಯವಸ್ಥೆಯ ಹಳೆಯ ರೋಗ.

ಗೋಡೆಯ ಕೆಳಗಿನ ಮೂರಡಿಗೆ ಗುಬ್ಬಿಗಳಿರುವ ಡಿಂಪಲ್ ಶೀಟ್ ಹಚ್ಚಿ, ಅದರ ಕೆಳತುದಿಯನ್ನು ಜಲ್ಲಿಯೊಳಗೆ ಇಳಿಸಿದರು. ಗೋಡೆ ಮುಂದೆಯೂ ಒಸರಬಹುದು, ಒಸರಿದ್ದು ಶೀಟಿನ ಹಿಂದೆಯೇ ಇಳಿದು ಕಾಲುವೆಗೆ ಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಸಿ ಪಿಸಿಸಿ, ಟೈಲ್. ಉಳಿದ ಎರಡು ಬಿರುಕುಗಳಿಗೆ ಈಗ ಪಿಯು ತುಂಬಿದರು, ಗೋಡೆಯ ಮೇಲ್ಭಾಗಕ್ಕೆ ಒದ್ದೆ ಮಾಡಿ, ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ಮುಚ್ಚುವ ಕ್ರಿಸ್ಟಲೈನ್ ಸ್ಲರಿ ಎರಡು ಕೋಟ್ ಕೊಟ್ಟರು. ಅದೇ ಇಂಜೆಕ್ಷನ್ ಈಗ ನಿಂತಿತು, ಒತ್ತಡ ಇಳಿದಿದ್ದರಿಂದ. ಪುಟ್ಟಿ, ಜಿಪ್ಸಮ್ ಹಚ್ಚಲಿಲ್ಲ.

ಗುಂಡಿ ಎರಡಡಿ ಚೌಕ, ಮೂರಡಿ ಆಳ, ಪೂರ್ವ ಗೋಡೆಯ ಪಾಯದಿಂದ ದೂರವಿರಲೆಂದು ನಾಲ್ಕಡಿ ಒಳಗೆ. ಎಷ್ಟು ನೀರು ಬರುತ್ತದೆಂದು ಅಕ್ಟೋಬರಿನಲ್ಲೇ ಅಳೆದಿದ್ದರು: ಮೂಲೆಯ ಸಣ್ಣ ಕುಳಿಯಿಂದ ಮೊಗೆದಾಗ, ಜೋರು ಮಳೆಯ ದಿನ ಇಪ್ಪತ್ತು ಲೀಟರಿನ ಬಕೆಟ್ ಮೂರು ನಿಮಿಷಕ್ಕೆ ತುಂಬುತ್ತಿತ್ತು. ಗಂಟೆಗೆ 400 ಲೀಟರ್. ಅರ್ಧ ಎಚ್‌ಪಿ ಪಂಪಿಗೆ ಇದು ಏನೂ ಅಲ್ಲ. ಪಂಪ್ ಶುರುವಾಗುವ ಮಟ್ಟ ಮತ್ತು ನಿಲ್ಲುವ ಮಟ್ಟದ ನಡುವೆ ಒಂದಡಿ ಅಂತರ, ಅಂದರೆ 110 ಲೀಟರ್. ಅತಿ ಹೆಚ್ಚು ನೀರಿದ್ದಾಗಲೂ ಕಾಲು ಗಂಟೆಗೊಮ್ಮೆ ಓಡಿದರೆ ಸಾಕು. ಅಂತರ ಕಡಿಮೆ ಇಟ್ಟರೆ ಮೋಟಾರ್ ಪದೇ ಪದೇ ಆನ್ ಆಫ್ ಆಗಿ ಸುಡುತ್ತದೆ.

ಎಡವಿದ್ದು ಪಂಪಿನ ಸುತ್ತಲೇ. ನಾನ್ ರಿಟರ್ನ್ ವಾಲ್ವ್ ಮೊದಲು ಹಾಕಿರಲಿಲ್ಲ. ಪಂಪ್ ನಿಂತಾಗಲೆಲ್ಲ ನೇರ ಪೈಪಿನಲ್ಲಿದ್ದ ಐದಾರು ಲೀಟರ್ ಗುಂಡಿಗೇ ವಾಪಸ್ಸು. ವಾಲ್ವ್ ಹಾಕಿದಾಗ ಗಾಳಿ ಕಟ್ಟಿ ಪಂಪ್ ಬರಿದೇ ಓಡಿತು. ವಾಲ್ವಿನ ಕೆಳಗೆ, ಗುಂಡಿಯೊಳಗೇ ಇರುವ ಪೈಪಿಗೆ ಮೂರು ಮಿ.ಮೀ. ರಂಧ್ರ ಕೊರೆದ ಮೇಲೆ ಸರಿಹೋಯಿತು. ವೈರಿಗೆ ನೇತಾಡುವ ಫ್ಲೋಟ್ ಗುಂಡಿಯ ಗೋಡೆಗೆ ಸಿಕ್ಕಿಕೊಳ್ಳುತ್ತಿತ್ತು, ನೇರ ಕಂಬಿಯ ಮೇಲೆ ಏರಿಳಿಯುವ ಫ್ಲೋಟ್ ತಂದರು. ಎರಡನೆಯ ಪಂಪನ್ನು ನಾಲ್ಕಿಂಚು ಮೇಲಿನ ಮಟ್ಟಕ್ಕೆ ಇಟ್ಟು ಇನ್ವರ್ಟರಿಗೆ ಜೋಡಿಸಿದರು. ಮನೆಯ 900 ವಿಎ ಇನ್ವರ್ಟರ್ ಪ್ರತಿ ಬಾರಿ ಟ್ರಿಪ್ ಆಯಿತು. ಮೋಟಾರ್ ಹೊರಡುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 2 ಕೆವಿಎ ಬೇಕಾಯಿತು. ಎರಡೂ ಪಂಪಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿದು ಶಾಕ್ ತಪ್ಪಿಸುವ ಸ್ವಿಚ್), ಗುಂಡಿಗೆ ನೀರಿನ ಮಟ್ಟದ ಅಲಾರಂ.

ಇನ್ನೊಂದು: ಶುರುವಿನಲ್ಲಿ ಗುಂಡಿಯ ನೀರನ್ನು ಹಿಂದಿನ ಕೈತೋಟಕ್ಕೇ ಬಿಟ್ಟರು. ಪಂಪ್ ಓಡುವುದು ಕಡಿಮೆಯಾಗಲೇ ಇಲ್ಲ. ತೋಟಕ್ಕೆ ಬಿಟ್ಟದ್ದು ಬಾವಿಗೂ ತುಂಬಿಗೂ ಇಳಿದು ತಿರುಗಿ ಬರುತ್ತಿತ್ತು. ಪೈಪನ್ನು ಮುಂದಿನ ಮೋರಿಗೆ ತಿರುಗಿಸಿದ ಮೇಲೆ ಲೆಕ್ಕ ಸರಿಯಾಯಿತು.

ಒಟ್ಟು ಖರ್ಚು, ಹೊರಗಿನ ಕೆಲಸ ಸೇರಿ, 3.9 ಲಕ್ಷ. ಪತ್ತೆಗೆ ಆದದ್ದು ಅದರಲ್ಲಿ ಹದಿನೈದು ಸಾವಿರ.

ನಂತರ

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮಳೆ 300 ಮಿ.ಮೀ. ದಾಟಿತು, ಬೇಸ್‌ಮೆಂಟ್ ಒಣಗಿತ್ತು. ಈ ಸಲ ಯಾರೂ ಸಿಹಿ ಹಂಚಲಿಲ್ಲ. ಮೇ ತಿಂಗಳ ಫಲಿತಾಂಶ ಲೆಕ್ಕಕ್ಕಿಲ್ಲವೆಂದು ಮೊದಲೇ ಬರೆದಿಟ್ಟಿದ್ದರು. ಅಳತೆ ಪೈಪನ್ನು ತೆಗೆಯದೆ ಉಳಿಸಿದ್ದರು, ಎರಡೂ ಪಂಪಿಗೆ ಗಂಟೆ ಎಣಿಸುವ ಮೀಟರ್ ಹಾಕಿದ್ದರು. ಮಳೆಗಾಲದ ಕೊನೆಯವರೆಗೆ ನೆಲದಡಿಯ ನೀರು ಟೈಲ್‌ಗಿಂತ ಏಳರಿಂದ ಒಂಬತ್ತಿಂಚು ಕೆಳಗೇ ನಿಂತಿತು, ಅಂದರೆ ಪಿಸಿಸಿಯ ತಳವನ್ನೂ ಮುಟ್ಟಲಿಲ್ಲ. ಗುಂಡಿಯ ಪಂಪ್ ಅತಿ ಹೆಚ್ಚು ಓಡಿದ ದಿನ ನಲವತ್ತು ನಿಮಿಷ. ಬಾವಿಯ ಪಂಪ್ ಅದಕ್ಕಿಂತ ಹೆಚ್ಚು ಕೆಲಸ ಮಾಡಿತು, ಟ್ಯಾಂಕರ್ ಕರೆಸುವುದು ಅರ್ಧಕ್ಕಿಳಿಯಿತು. ಒಂದು ರಾತ್ರಿ ಕರೆಂಟ್ ಹೋಗಿ ಅಲಾರಂ ಕೂಗಿತು, ಎರಡನೆಯ ಪಂಪ್ ಎತ್ತಿಕೊಂಡಿತು.

ದಕ್ಷಿಣ ಗೋಡೆಯಲ್ಲಿ ಎರಡಡಿ ಅಗಲದ ತೇವದ ಗುರುತು ಉಳಿದಿದೆ. ಅಲ್ಲಿ ಗೋಡೆ ಎರಕ ಹಾಕುವಾಗಲೇ ಕಾಂಕ್ರೀಟ್ ಜಾಳಾಗಿದ್ದಿರಬೇಕು. ಶೀಟಿಗಿಂತ ಮೇಲಿರುವುದರಿಂದ ಕಾಣುತ್ತದೆ, ಹರಿಯುವುದಿಲ್ಲ, ಹಾಗೇ ಬಿಟ್ಟಿದ್ದಾರೆ.

ಮುಂಗಾರಿಗೆ ಮುಂಚೆ ಮಾಡುವ ಕೆಲಸದ ಪಟ್ಟಿ ಗುಂಡಿಯ ಮುಚ್ಚಳದ ಪಕ್ಕದ ಗೋಡೆಗೆ ಅಂಟಿಸಿದೆ: ಮೂಲೆಯ ಮುಚ್ಚಳ ತೆಗೆದು ಹೋಸ್ ಬಿಡುವುದು, ಬಕೆಟ್ ನೀರು ಸುರಿದು ಎರಡೂ ಫ್ಲೋಟ್ ನೋಡುವುದು, ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತುವುದು, ಬ್ಯಾಟರಿ ನೀರು, ಚಾವಣಿ ಫಿಲ್ಟರ್, ಮೋರಿಗೆ ಹೋಗುವ ಪೈಪಿನ ತುದಿ ಕಟ್ಟಿದೆಯೇ ಎಂದು ನೋಡುವುದು.

ಮಳೆಗಾಲ ಮುಗಿದ ಮೇಲೆ ಪಶ್ಚಿಮದ ಖಾಲಿ ಸೈಟಿನಲ್ಲಿ ಮನೆ ಕಟ್ಟಲು ಹನ್ನೆರಡು ಅಡಿ ಪಾಯ ತೆಗೆದು ಹಗಲೂ ರಾತ್ರಿ ನೀರು ಹೊರಹಾಕತೊಡಗಿದರು. ಈ ಮನೆಯ ಅಳತೆ ಪೈಪಿನಲ್ಲಿ ನೀರೇ ಕಾಣದಂತಾಯಿತು. ಆ ದಿನಗಳ ಅಂಕಿಗಳನ್ನು ಪುಸ್ತಕದಲ್ಲಿ ಬೇರೆ ಶಾಯಿಯಲ್ಲಿ ಬರೆಯುತ್ತಿದ್ದಾರೆ. ಅಲ್ಲಿನ ಪಂಪ್ ನಿಂತು, ಅವರ ಗೋಡೆಯ ಪಕ್ಕ ಯಾವ ಮಣ್ಣು ತುಂಬುತ್ತಾರೆಂದು ನೋಡಿದ ಮೇಲೆ, ಒಂದು ಪೂರ್ತಿ ಮಳೆಗಾಲ ಮತ್ತೆ ಅಳೆಯಬೇಕಿದೆ.